ಟರ್ಬೊ ಬಿಚ್ಚುವ ಮೊದಲು ಪೈಪಿಗೆ ಹವಾ ತುಂಬಿ ನೋಡಿ

ಪಿಕಪ್ ಸತ್ತುಹೋಗಿದೆ, ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ, ಬಾನೆಟ್ ಒಳಗಿಂದ ಸುಂಯ್ ಎನ್ನುವ ಸದ್ದು. ಇಷ್ಟು ಹೇಳಿದರೆ ಸಾಕು, ‘ಟರ್ಬೊ ಹೋಗ್ಯಾದ’ ಅನ್ನುವ ಮಾತು ತಯಾರಾಗಿಯೇ ಇರುತ್ತದೆ. ಆದರೆ ಇದೇ ಮೂರು ಲಕ್ಷಣ ಒಂದು ಸಡಿಲ ಕ್ಲಿಪ್ಪಿನಿಂದಲೂ ಬರುತ್ತವೆ, ಬೆರಳಗಲದ ರಬ್ಬರ್ ಬಿರುಕಿನಿಂದಲೂ ಬರುತ್ತವೆ. ಟರ್ಬೊ ಒತ್ತಿ ಕಳಿಸಿದ ಹವಾ ಎಂಜಿನ್ ಮುಟ್ಟುವ ಮುಂಚೆ ದಾರಿಯಲ್ಲೇ ಸೋರಿದರೆ ಹೊಸ ಟರ್ಬೊ ಹಾಕಿದರೂ ಹೊಗೆ ನಿಲ್ಲುವುದಿಲ್ಲ. ಸೋರಿಕೆ ಇದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಬೇಕಾದ ಸಾಮಾನು ಕಲಬುರಗಿಯ ಯಾವುದೇ ಬೋರ್‌ವೆಲ್ ಪೈಪ್ ಅಂಗಡಿಯಲ್ಲಿ, ಪಂಚರ್ ಅಂಗಡಿಯಲ್ಲಿ ಸಿಗುತ್ತದೆ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಯಾವ ಪೈಪನ್ನೂ ನೀವು ಬಿಚ್ಚಬೇಡಿ, ಷೋರೂಮಿಗೇ ಒಯ್ಯಿರಿ.

ಹವಾ ಹೋಗುವ ದಾರಿ

ಮೊದಲು ದಾರಿ ಗೊತ್ತಿರಬೇಕು. ಏರ್ ಫಿಲ್ಟರ್ ಡಬ್ಬಿ, ಅದರ ಬಾಯಿಗೆ ಮ್ಯಾಫ್ ಸೆನ್ಸರ್ (ಒಳಗೆ ಹೋಗುವ ಹವಾ ಎಷ್ಟೆಂದು ಅಳೆಯುವುದು ಇದೇ), ಅಲ್ಲಿಂದ ರಬ್ಬರ್ ಹೋಸ್ ಮೂಲಕ ಟರ್ಬೊದ ಕಂಪ್ರೆಸರ್. ಕಂಪ್ರೆಸರಿನಿಂದ ಹೊರಬರುವ ಹವಾ ಬಿಸಿಯಾಗಿರುತ್ತದೆ. ಜೋರಾಗಿ ಓಡಿಸುವಾಗ 120 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಅದು ಬಿಸಿ ಪೈಪಿನಲ್ಲಿ ಇಳಿದು, ಬಂಪರಿನ ಹಿಂದೆ ಅಥವಾ ಎಂಜಿನ್ ಮೇಲೆ ಕೂತ ಇಂಟರ್‌ಕೂಲರಿನಲ್ಲಿ ತಣ್ಣಗಾಗಿ, ತಣ್ಣನೆ ಪೈಪ್ ಹಿಡಿದು ಥ್ರಾಟಲ್ ಬಾಡಿ ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್ ಸೇರುತ್ತದೆ. ಮ್ಯಾಪ್ ಸೆನ್ಸರ್ ಈ ಕೊನೆಯ ಭಾಗದಲ್ಲಿ ಕೂತು ಒತ್ತಡ ಎಷ್ಟಿದೆ ಎಂದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಹೇಳುತ್ತಿರುತ್ತದೆ.

ಡೀಸೆಲ್ ಗಾಡಿ ಕಪ್ಪು ಹೊಗೆ ಬಿಡುವುದೇಕೆ ಎಂಬುದು ಇದರಿಂದಲೇ ತಿಳಿಯುತ್ತದೆ. ಮ್ಯಾಫ್ ಅಳೆದ ಹವಾ ಪೂರ್ತಿ ಸಿಲಿಂಡರಿಗೆ ಹೋಗಿದೆ ಎಂದು ನಂಬಿ ಇಸಿಯು ಅದಕ್ಕೆ ತಕ್ಕ ಡೀಸೆಲ್ ಸುರಿಯುತ್ತದೆ. ಅಳೆದ ಹವೆಯಲ್ಲಿ ಒಂದು ಪಾಲು ಪೈಪಿನಿಂದ ಹೊರಗೆ ಹೋಗಿದ್ದರೆ ಸುಡಲು ಹವಾ ಸಾಲದೆ ಡೀಸೆಲ್ ಮಸಿಯಾಗುತ್ತದೆ. ಮ್ಯಾಫ್ ಇರುವ ಪೆಟ್ರೋಲ್ ಟರ್ಬೊದಲ್ಲೂ ಲೋಡ್ ಬಿದ್ದಾಗ ಹೀಗೇ ಮಿಶ್ರಣ ದಪ್ಪವಾಗುತ್ತದೆ, ಅಂದರೆ ಹವೆಗಿಂತ ಇಂಧನದ ಪಾಲು ಹೆಚ್ಚಾಗುತ್ತದೆ. ಆದರೆ ಅದೇ ಸೋರಿಕೆ ಥ್ರಾಟಲ್ ಪ್ಲೇಟಿನ ಆಚೆ, ಮ್ಯಾನಿಫೋಲ್ಡ್ ಕಡೆ ಇದ್ದರೆ ಐಡಲಿಂಗಿನಲ್ಲಿ ಆಟ ಉಲ್ಟಾ: ಅಲ್ಲಿ ವ್ಯಾಕ್ಯೂಮ್ ಇರುವುದರಿಂದ ಅಳತೆಯಿಲ್ಲದ ಹವಾ ಒಳಗೆ ಎಳೆದುಕೊಂಡು ಮಿಶ್ರಣ ತೆಳುವಾಗುತ್ತದೆ, ಪಿ0171 ಕೋಡ್ (ಮಿಶ್ರಣ ತೆಳು ಎಂಬ ದೋಷದ ಸಂಕೇತ) ಬರಬಹುದು. ಐಡಲಿಂಗಿನಲ್ಲಿ ತೆಳು, ಒತ್ತಿದಾಗ ದಪ್ಪ ಎಂಬ ಜೋಡಿ ಕಂಡರೆ ಥ್ರಾಟಲ್ ಆಚೆಗೇ ಹುಡುಕಿ. ಮ್ಯಾಫ್ ಇಲ್ಲದೆ ಮ್ಯಾಪ್ ಒಂದನ್ನೇ ನಂಬುವ ಪೆಟ್ರೋಲ್ ಎಂಜಿನ್‌ಗಳಲ್ಲಿ ಮಿಶ್ರಣ ಅಷ್ಟಾಗಿ ಕೆಡುವುದಿಲ್ಲ. ಪಿಕಪ್ ಕಡಿಮೆ, ಟರ್ಬೊ ಸದ್ದು ಹೆಚ್ಚು, ಅಷ್ಟೇ.

ಮ್ಯಾಫ್ ಮತ್ತು ಟರ್ಬೊ ನಡುವಿನ ಹೋಸ್ ಒಡೆದರೆ ಹವಾ ಹೊರಗೆ ಹೋಗುವುದಿಲ್ಲ, ಹೊರಗಿನದು ಒಳಗೆ ಬರುತ್ತದೆ, ಫಿಲ್ಟರ್ ಇಲ್ಲದೆ. ನಮ್ಮ ಕಡೆ ಇದು ಎಲ್ಲಕ್ಕಿಂತ ಕೆಟ್ಟ ಸೋರಿಕೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಲಾರಿಗಳ ಹಿಂದೆ ಅಥವಾ ಎರೆ ಹೊಲದ ಕಚ್ಚಾ ದಾರಿಯಲ್ಲಿ ಓಡುವ ಗಾಡಿಗೆ ಆ ಬಿರುಕಿನಿಂದ ಹೋಗುವ ಧೂಳು ಕಂಪ್ರೆಸರ್ ಚಕ್ರದ ರೆಕ್ಕೆಗಳ ಅಂಚನ್ನೇ ಸವೆಸುತ್ತದೆ. ಆಮೇಲೆ ಟರ್ಬೊ ನಿಜವಾಗಿಯೂ ಹೋಗುತ್ತದೆ.

ಬಿಚ್ಚುವ ಮೊದಲು ಓದಿ: ಸ್ಕ್ಯಾನರ್ ಏನು ಹೇಳುತ್ತದೆ

ಬ್ಲೂಟೂತ್ ಒಬಿಡಿ ಅಡಾಪ್ಟರ್ (ಗಾಡಿಯ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಚುಚ್ಚುವುದು) ಮತ್ತು ಫೋನಿನ ಆ್ಯಪ್ ಸಾಕು. ಮೊದಲು ಕೋಡ್ ನೋಡಿ. ಪಿ0299 ಎಂದರೆ ಬೇಡಿದಷ್ಟು ಒತ್ತಡ ಬರುತ್ತಿಲ್ಲ. ಪಿ0101 ಎಂದರೆ ಮ್ಯಾಫ್ ಓದು ಲೆಕ್ಕಕ್ಕೆ ಹೊಂದುತ್ತಿಲ್ಲ. ಇವು ಸೋರಿಕೆಯ ಕಡೆ ಬೆರಳು ತೋರಿಸುತ್ತವೆ, ಆದರೆ ಸೋರಿಕೆಯೇ ಎಂದು ಹೇಳುವುದಿಲ್ಲ. ಜಾಮ್ ಆದ ವಿಜಿಟಿ (ಒಳಗಿನ ರೆಕ್ಕೆಗಳ ಕೋನ ಬದಲಿಸಿ ಒತ್ತಡ ಹೊಂದಿಸುವ ಟರ್ಬೊ) ರಾಡ್ ಕೂಡ ಪಿ0299 ಕೊಡುತ್ತದೆ. ಹೆಡ್‌ಲೈನ್ ಓದಿ ಪಾರ್ಟ್ ಆರ್ಡರ್ ಮಾಡುವ ಅಭ್ಯಾಸದಿಂದಲೇ ಒಳ್ಳೆಯ ಟರ್ಬೊಗಳು ಗುಜರಿಗೆ ಹೋಗುವುದು.

ಈಗ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಮ್ಯಾಪ್ ಎಷ್ಟು ತೋರಿಸುತ್ತದೆ ನೋಡಿ. ಎಂಜಿನ್ ನಿಂತಾಗ ಪೈಪಿನೊಳಗೂ ಹೊರಗೂ ಒಂದೇ ಒತ್ತಡ, ಹಾಗಾಗಿ ಮ್ಯಾಪ್ ನಿಮ್ಮ ಊರಿನ ಹವೆಯ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ಅದು 96 ಕಿಲೋಪ್ಯಾಸ್ಕಲ್ ಆಸುಪಾಸು. ಯಾದಗಿರಿಯಲ್ಲಿ ಒಂದು ಚೂರು ಹೆಚ್ಚು. ಗುಡ್ಡದ ಮೇಲಿನ ಬೀದರಿನಲ್ಲಿ ಸುಮಾರು 93. ಮಳೆಗಾಲ, ಬೇಸಿಗೆಗೆ ಒಂದೆರಡು ಹೆಚ್ಚುಕಡಿಮೆ ಆಗುತ್ತದೆ. ಪುಸ್ತಕದಲ್ಲಿ 101 ಎಂದು ಇರುವುದು ಸಮುದ್ರದಂಡೆಯ ಲೆಕ್ಕ. ಎಷ್ಟೋ ಆ್ಯಪ್‌ಗಳು ಬೂಸ್ಟ್ (ಹೊರಗಿನ ಹವೆಗಿಂತ ಹೆಚ್ಚಿನ ಒತ್ತಡ) ತೋರಿಸಲು ಓದಿನಿಂದ ಈ 101ನ್ನೇ (14.7 ಪೌಂಡ್, ಅಂದರೆ ಪಿಎಸ್‌ಐ) ಕಳೆಯುತ್ತವೆ. ಹಾಗಾಗಿ ನಿಂತ ಗಾಡಿಯಲ್ಲಿ ಕಲಬುರಗಿಯಲ್ಲಿ ಮೈನಸ್ 0.8 ಪೌಂಡ್, ಬೀದರಿನಲ್ಲಿ ಮೈನಸ್ 1.2 ಪೌಂಡ್ ಕಂಡರೆ ಗಾಬರಿ ಬೇಡ. ಮ್ಯಾಪ್ ಓದು ಬ್ಯಾರೋಮೀಟರ್ ಓದಿಗಿಂತ 4 ಕಿಲೋಪ್ಯಾಸ್ಕಲ್‌ಗೂ ಹೆಚ್ಚು ಆಚೀಚೆ ಇದ್ದರೆ ಮಾತ್ರ ಸೆನ್ಸರನ್ನು ಮೊದಲು ಬಿಚ್ಚಿ ನೋಡಿ. ಡೀಸೆಲ್‌ನಲ್ಲಿ ಅದರ ಸಣ್ಣ ತೂತು ಎಣ್ಣೆ ಕಲಸಿದ ಮಸಿಯಿಂದ ಮುಚ್ಚಿಹೋಗಿರುತ್ತದೆ.

ಇನ್ನು ಓಡಿಸಿ ನೋಡುವುದು. ಎಂಜಿನ್ ಪೂರ್ತಿ ಬಿಸಿಯಾಗಿರಲಿ, ರಸ್ತೆ ಖಾಲಿ ಇರಲಿ, ಫೋನ್ ನೋಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ. ಮೂರನೇ ಗೇರಿನಲ್ಲಿ 1500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ 3500ರವರೆಗೆ ಎಳೆಯಿರಿ, ಮ್ಯಾಪ್ ರೆಕಾರ್ಡ್ ಮಾಡಿ. ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಏರು ಸಿಕ್ಕಾಗ ಮಾಡಿದರೆ ಇನ್ನೂ ಒಳ್ಳೆಯದು. ವೇಗದ ಮಿತಿ ಮೀರದೆಯೇ ಲೋಡ್ ಸಿಗುತ್ತದೆ. ಸಣ್ಣ ಕಾರಿನ ಡೀಸೆಲ್ ಎಂಜಿನ್ ಸಾಮಾನ್ಯವಾಗಿ 200ರಿಂದ 250 ಕಿಲೋಪ್ಯಾಸ್ಕಲ್ ಮುಟ್ಟುತ್ತದೆ. ಇದು ಹೊರಗಿನ ಒತ್ತಡವೂ ಸೇರಿದ ಒಟ್ಟು ಲೆಕ್ಕ. ಅದು 140, 150ಕ್ಕೇ ನಿಂತರೆ ಸೋರಿಕೆ ದೊಡ್ಡದು, ಅಥವಾ ಟರ್ಬೊ ತಿರುಗುತ್ತಲೇ ಇಲ್ಲ. ಆ್ಯಪ್ ಸರಿಯಾಗಿ 255ಕ್ಕೆ ಬಂದು ಗೆರೆ ಎಳೆದಂತೆ ನಿಂತರೆ ಅದು ಗಾಡಿಯ ದೋಷವಲ್ಲ: ಒಬಿಡಿಯ ಸಾಮಾನ್ಯ ಮ್ಯಾಪ್ ಓದು 0ರಿಂದ 255ರವರೆಗೆ ಮಾತ್ರ ಹೇಳಬಲ್ಲದು.

ಈ ಅಂಕಿಗಿಂತ ಬೆಲೆಬಾಳುವುದು ಇಸಿಯು ಬೇಡಿದ ಒತ್ತಡ ಮತ್ತು ಸಿಕ್ಕ ಒತ್ತಡ ಎರಡನ್ನೂ ಒಟ್ಟಿಗೆ ತೋರಿಸುವ ಸ್ಕ್ಯಾನರ್. ಅದಿಲ್ಲದಿದ್ದರೆ ಅದೇ ಮಾಡೆಲ್‌ನ ಚೆನ್ನಾಗಿರುವ ಇನ್ನೊಂದು ಗಾಡಿಯನ್ನು ಅದೇ ರಸ್ತೆಯಲ್ಲಿ ಓಡಿಸಿ ಎರಡು ರೆಕಾರ್ಡ್ ಅಕ್ಕಪಕ್ಕ ಇಡಿ. ಸಣ್ಣ ಸೋರಿಕೆಯಲ್ಲಿ ಒಂದು ಮೋಸವಿದೆ: ಇಸಿಯು ಟರ್ಬೊವನ್ನು ಹೆಚ್ಚು ತಿರುಗಿಸಿ ಕೊರತೆ ತುಂಬಿಬಿಡುತ್ತದೆ. ಕೊನೆಗೆ ಮುಟ್ಟುವ ಒತ್ತಡ ಸರಿಯಾಗಿಯೇ ಕಾಣುತ್ತದೆ, ಆದರೆ ಅಲ್ಲಿಗೆ ಏರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಸಿಳ್ಳೆ ಜೋರಾಗುತ್ತದೆ, ಎವರೇಜ್ ಬೀಳುತ್ತದೆ. ಹೊರಗಿನ ಹವಾ ತೆಳುವಿರುವ ಬೀದರಿನಲ್ಲಿ 220 ಮುಟ್ಟಲು ಟರ್ಬೊ ಮೊದಲೇ ಸ್ವಲ್ಪ ಹೆಚ್ಚು ದುಡಿಯಬೇಕು. ಕಲಬುರಗಿಯಲ್ಲಿ ಗೊತ್ತಾಗದ ಸೋರಿಕೆ ಅಲ್ಲಿ ಗೊತ್ತಾಗುವುದುಂಟು.

ಕಣ್ಣು, ಕೈ, ಟಾರ್ಚ್

ಪೈಪಿನೊಳಗೆ ತೆಳುವಾದ ಎಣ್ಣೆಯ ಪಸೆ ಇರುವುದು ಸಹಜ. ಎಂಜಿನ್ ಬ್ರೀದರ್ (ಎಂಜಿನ್ ಒಳಗಿನ ಆವಿ ಬಿಡುವ ಪೈಪ್) ಹೊಗೆ ಟರ್ಬೊದ ಮುಂದಿನ, ಅಂದರೆ ಫಿಲ್ಟರ್ ಕಡೆಯ ಹೋಸಿಗೇ ಬಂದು ಸೇರುತ್ತದೆ. ಸೋರುವ ಜಾಗದಲ್ಲಿ ಈ ಪಸೆ ಹವೆಯ ಜೊತೆ ಹೊರಗೆ ಚಿಮ್ಮಿ ಧೂಳು ಹಿಡಿಯುತ್ತದೆ. ಧೂಳಿನ ಊರಿನವರಿಗೆ ಇದೊಂದು ಲಾಭ. ಎಲ್ಲಾ ಕಡೆ ಒಣ ಬೂದು ಧೂಳಿದ್ದು ಒಂದು ಜಾಯಿಂಟಿನ ಸುತ್ತ ಮಾತ್ರ ಕಪ್ಪು, ಹಸಿ ಧೂಳಿದ್ದರೆ ಮೊದಲ ಗುಮಾನಿ ಅಲ್ಲಿಗೇ. ಹಾಗಾಗಿ ಗಾಡಿಯನ್ನು ಪರೀಕ್ಷೆಗೆ ಮುಂಚೆ ತೊಳೆಸಬೇಡಿ. ಎಂಜಿನ್ ಬೇ ವಾಟರ್ ವಾಶ್ ಮಾಡಿಸಿಕೊಂಡು ಫಳಫಳ ಹೊಳೆಸಿ ತರುವವರು ಅರ್ಧ ಸಾಕ್ಷ್ಯ ತೊಳೆದುಕೊಂಡೇ ಬರುತ್ತಾರೆ.

ಹೋಸುಗಳ ಕೆಳಮೈಗೆ ಕನ್ನಡಿ ಹಿಡಿದು ನೋಡಿ. ಮಡಿಕೆಯಿರುವ ಹೋಸಿನ ಕಣಿವೆಗಳನ್ನು ಎರಡೂ ಕೈಯಿಂದ ಬಗ್ಗಿಸಿ ಬಿಡಿಸಿ ನೋಡಿ. ಏಪ್ರಿಲ್, ಮೇ ಬಿಸಿಲಿನ ಜೊತೆ ಎಂಜಿನ್ ಶಾಖವೂ ತಿಂದ ರಬ್ಬರ್ ಅಲ್ಲೇ ಸೀಳುವುದು, ಸುಮ್ಮನಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತದೆ. ಇಂಟರ್‌ಕೂಲರ್ ಕೆಳಗಿನ ಜಾಯಿಂಟ್ ನೋಡಲು ಎಂಜಿನ್ ಅಡಿಯ ಪ್ಲಾಸ್ಟಿಕ್ ಗಾರ್ಡ್ ಬಿಚ್ಚಬೇಕು. ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿ ಒಣಗಿ ಕ್ಲಿಪ್ ತುಕ್ಕು ಹಿಡಿದಿರುವುದು ಅಲ್ಲೇ. ಗಂಜ್ ಗೋದಾಮು, ದಾಲ್ ಮಿಲ್ ಹತ್ತಿರ ರಾತ್ರಿ ನಿಲ್ಲುವ ಗಾಡಿಯಾದರೆ ಸಣ್ಣ ವ್ಯಾಕ್ಯೂಮ್ ಹೋಸುಗಳನ್ನು ಇಲಿ ಕಡಿದಿದೆಯೇ ನೋಡಿ.

ಐಡಲಿಂಗಿನಲ್ಲಿ ಸೋಪಿನ ನೀರು ಚಿಮುಕಿಸಿ ಗುಳ್ಳೆ ಹುಡುಕುವವರಿದ್ದಾರೆ. ಅದು ವ್ಯರ್ಥ. ಐಡಲಿಂಗಿನಲ್ಲಿ ಟರ್ಬೊ ಹೇಳಿಕೊಳ್ಳುವಂಥ ಒತ್ತಡವನ್ನೇ ಕೊಡುವುದಿಲ್ಲ, ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಆಚೆ ಇರುವುದು ವ್ಯಾಕ್ಯೂಮ್. ಗುಳ್ಳೆ ಎಲ್ಲಿಂದ ಬರಬೇಕು? ಕಾರ್ಬ್ ಕ್ಲೀನರ್ ಚಿಮುಕಿಸಿ ಸದ್ದು ಬದಲಾಗುತ್ತದೋ ನೋಡುವುದಂತೂ ಬೇಡವೇ ಬೇಡ. ಕಾದ ಟರ್ಬೊ ಹತ್ತಿರ ಬೆಂಕಿ ಹತ್ತುತ್ತದೆ, ಡೀಸೆಲ್ ಎಂಜಿನ್ ಆ ಆವಿ ಎಳೆದುಕೊಂಡರೆ ಆರ್‌ಪಿಎಂ ಕೈಮೀರಿ ಏರುತ್ತದೆ.

ಪರೀಕ್ಷೆಯ ಮುಚ್ಚಳ ಮಾಡಿಕೊಳ್ಳುವುದು

ಎಂಜಿನ್ ಬಂದ್ ಇಟ್ಟು ಹೊರಗಿನಿಂದ ಹವಾ ತುಂಬಬೇಕು. ಅದಕ್ಕೆ ಪೈಪಿನ ಬಾಯಿಗೆ ಸರಿಯಾಗಿ ಕೂರುವ ಮುಚ್ಚಳ ಬೇಕು. ಹೊಲಕ್ಕೆ ಹಾಕುವ ಪಿವಿಸಿ ಪೈಪ್ 50, 63, 75 ಮಿಲಿಮೀಟರ್ ಹೊರವ್ಯಾಸದಲ್ಲಿ ಸಿಗುತ್ತದೆ, ಟರ್ಬೊದ ಮುಂದಿನ ಹೋಸಿನ ಒಳವ್ಯಾಸವೂ ಬಹುತೇಕ ಈ ಅಳತೆಗಳ ಆಸುಪಾಸೇ. ಹೋಸ್ ಅಳೆದುಕೊಂಡು ಹೋಗಿ. 10 ಕೆಜಿ ಪ್ರೆಶರಿನ ದಪ್ಪ ಪೈಪನ್ನೇ ಕೇಳಿ, 4 ಕೆಜಿ ತೆಳು ಪೈಪ್ ಬೇಡ. 10 ಸೆಂಟಿಮೀಟರ್ ತುಂಡು, ಒಂದು ಎಂಡ್ ಕ್ಯಾಪ್, ಸಾಲ್ವೆಂಟ್ ಸಿಮೆಂಟ್. ಅಂಟಿಸಿ ಒಂದು ದಿನ ಒಣಗಲು ಬಿಡಿ. ಕ್ಯಾಪಿನ ನಡುವೆ 11.5 ಮಿಲಿಮೀಟರ್ ತೂತು ಕೊರೆದು ಕಾರಿನ ಟ್ಯೂಬ್‌ಲೆಸ್ ಟೈರಿನ ವಾಲ್ವ್ (ಟಿಆರ್413 ಎಂದು ಕೇಳಿ) ಒಳಗಿನಿಂದ ಎಳೆದು ಕೂರಿಸಿ. ತೂತಿನ ಅಂಚಿನ ಮುಳ್ಳುಗಳನ್ನು ಮರಳುಕಾಗದದಿಂದ ಉಜ್ಜಿ ನಯ ಮಾಡದಿದ್ದರೆ ವಾಲ್ವೇ ಸೋರುತ್ತದೆ, ನೀವು ಗಾಡಿಯ ಮೇಲೆ ಅನುಮಾನಪಡುತ್ತ ಕೂರುತ್ತೀರಿ.

ಹವೆಗೆ ಪಂಚರ್ ಅಂಗಡಿಯ ಟ್ಯಾಂಕ್ ಇರುವ ಕಂಪ್ರೆಸರ್ ಬೇಕು. ಸಿಗರೇಟ್ ಸಾಕೆಟ್ಟಿಗೆ ಹಚ್ಚುವ ಚಿಕ್ಕ ಪಂಪ್ ಇಲ್ಲಿ ಸಾಲದು. ವಾಲ್ವು, ರಿಂಗುಗಳ ಸಂದಿಯಿಂದ ಎಂಜಿನ್ ಸ್ವಾಭಾವಿಕವಾಗಿ ಬಿಡುವ ಹವಾ ಅದು ತುಂಬುವುದಕ್ಕಿಂತ ಹೆಚ್ಚು. ಆದರೆ ಪಂಚರ್ ಅಂಗಡಿಯ ಟ್ಯಾಂಕಿನಲ್ಲಿ 100 ಪೌಂಡ್ ಮೀರಿ ಇರುತ್ತದೆ, ನಮಗೆ ಬೇಕಾದುದು 10. ನಡುವೆ ರೆಗ್ಯುಲೇಟರ್, ಅದರ ಮುಂದೆ 0ರಿಂದ 30 ಪೌಂಡ್ ತೋರಿಸುವ ಸಣ್ಣ ಗೇಜ್, ಒಂದು ಬಾಲ್ ವಾಲ್ವ್ ಇರಲೇಬೇಕು. ರೆಗ್ಯುಲೇಟರ್ ಇಲ್ಲದಿದ್ದರೆ ಈ ಪರೀಕ್ಷೆ ಮಾಡಲೇಬೇಡಿ. 63 ಮಿಲಿಮೀಟರ್ ಮುಚ್ಚಳದ ಮೇಲೆ ಬರೀ 10 ಪೌಂಡ್ ಒತ್ತಡವೂ ಸುಮಾರು 22 ಕಿಲೋ ಭಾರದಷ್ಟು ತಳ್ಳುತ್ತದೆ, 75ರ ಮುಚ್ಚಳಕ್ಕೆ 31 ಕಿಲೋ. ಪಿವಿಸಿ ಒಡೆದರೆ ಚೂರಾಗಿ ಹಾರುತ್ತದೆ. ಮುಚ್ಚಳಕ್ಕೆ ಹೋಸ್ ಕ್ಲಿಪ್ ಬಿಗಿ ಮಾಡಿ, ಮೇಲಿಂದ ಹಗ್ಗ ಅಥವಾ ಬೆಲ್ಟಿನಿಂದ ಬಾಡಿಗೆ ಕಟ್ಟಿ, ಅದರ ನೇರಕ್ಕೆ ಮುಖ ಇಟ್ಟು ನಿಲ್ಲಬೇಡಿ, ಕನ್ನಡಕ ಹಾಕಿ.

ಹವಾ ತುಂಬುವ ಕ್ರಮ

ಎಂಜಿನ್ ತಣ್ಣಗಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು, ಕೀ ಜೇಬಿನಲ್ಲಿ. ಮ್ಯಾಫ್ ಸೆನ್ಸರ್ ಆದ ಮೇಲೆ ಹೋಸ್ ಬಿಚ್ಚಿ, ಟರ್ಬೊ ಕಡೆಯ ಬಾಯಿಗೆ ಮುಚ್ಚಳ ತೂರಿಸಿ. ಫಿಲ್ಟರ್ ಡಬ್ಬಿ ಈ ಒತ್ತಡಕ್ಕೆ ಮಾಡಿದ್ದಲ್ಲ, ಅದನ್ನು ಸೇರಿಸಿಕೊಳ್ಳಬೇಡಿ.

ಮುಂದಿನ ಹೆಜ್ಜೆ ಮರೆತರೆ ಗಾಡಿಗೇ ಹಾನಿ. ಆ ಹೋಸಿಗೆ ಬಂದು ಸೇರುವ ಬ್ರೀದರ್ ಪೈಪನ್ನು ಬಿಚ್ಚಿ, ಹೋಸಿನ ಕಡೆಯ ತೂತನ್ನು ರಬ್ಬರ್ ಬೂಚಿನಿಂದ ಮುಚ್ಚಿ ಕ್ಲಿಪ್ ಹಾಕಿ. ಮುಚ್ಚದಿದ್ದರೆ ನೀವು ತುಂಬಿದ ಹವಾ ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಕೆಳಗಿನ ಎಣ್ಣೆಯ ಕೋಣೆಗೆ) ಹೋಗಿ ಕ್ರ್ಯಾಂಕ್ ಆಯಿಲ್ ಸೀಲನ್ನು ಹೊರಗೆ ತಳ್ಳುತ್ತದೆ. ಹವಾ ಸೋರಿಕೆ ಹುಡುಕಲು ಹೋಗಿ ಎಣ್ಣೆ ಸೋರಿಕೆ ಗಳಿಸಿದಂತೆ. ಜಾಗ್ರತೆಗೆ ಎಂಜಿನ್ ಆಯಿಲ್ ಹಾಕುವ ಮುಚ್ಚಳವನ್ನೂ ತೆಗೆದಿಡಿ. ಕೆಲವು ಹೊಸ ಡೀಸೆಲ್‌ಗಳಲ್ಲಿ ಕಡಿಮೆ ಒತ್ತಡದ ಇಜಿಆರ್ (ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ) ಪೈಪ್ ಟರ್ಬೊದ ಮುಂದೆಯೇ ಬಂದು ಸೇರುತ್ತದೆ. ಅಂಥವುಗಳಲ್ಲಿ ಟರ್ಬೊ ಆದ ಮೇಲೆ, ಬಿಸಿ ಪೈಪಿನ ಬಾಯಿಗೇ ಮುಚ್ಚಳ ಹಾಕುವುದು ವಾಸಿ, ಬ್ರೀದರಿನ ಚಿಂತೆಯೂ ತಪ್ಪುತ್ತದೆ. ಬಿಟ್ಟುಹೋದ ಮುಂದಿನ ಹೋಸನ್ನು ಬೇರೆಯಾಗಿ ನೋಡಿಕೊಳ್ಳಿ.

ರೆಗ್ಯುಲೇಟರ್ ಪೂರ್ತಿ ಸಡಿಲಿಸಿ ಹವಾ ಜೋಡಿಸಿ, ನಿಧಾನಕ್ಕೆ 3 ಪೌಂಡಿಗೆ ಏರಿಸಿ ನಿಲ್ಲಿಸಿ. ಕಳಚಿದ ಹೋಸ್, ದೊಡ್ಡ ಸೀಳು ಇದ್ದರೆ ಇಷ್ಟರಲ್ಲೇ ಕೂಗುತ್ತದೆ. ಏನೂ ಕೇಳದಿದ್ದರೆ 7ಕ್ಕೆ, ಆಮೇಲೆ 10 ಪೌಂಡಿಗೆ, ಅಂದರೆ 0.7 ಬಾರ್‌ಗೆ. ಅಲ್ಲಿಂದ ಮೇಲೆ ಹೋಗುವ ಅಗತ್ಯ ಬಹಳ ಕಡಿಮೆ. ಹೋದರೂ ಆ ಎಂಜಿನ್ ಓಡುವಾಗ ಕಾಣುವ ಬೂಸ್ಟ್ ಮೀರಬಾರದು, 15 ಪೌಂಡಂತೂ ದಾಟಬಾರದು.

ಸುತ್ತಲಿನ ಸದ್ದು ನಿಲ್ಲಿಸಿ ಕಿವಿಗೊಡಿ. ಟ್ಯಾಂಕ್ ತುಂಬಿದ ಮೇಲೆ ಕಂಪ್ರೆಸರ್ ಮೋಟಾರ್ ಬಂದ್ ಮಾಡಿ. ಮೀಟರುದ್ದದ ಸಣ್ಣ ರಬ್ಬರ್ ನಳಿಕೆಯ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಜಾಯಿಂಟುಗಳ ಸುತ್ತ ಓಡಾಡಿಸಿದರೆ ಕೈ ಹೋಗದ ಜಾಗದ ಸದ್ದೂ ಸಿಗುತ್ತದೆ. ಜಾಗ ಗೊತ್ತಾದ ಮೇಲೆ ಸೋಪಿನ ನೀರು: ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಪಾಲು, ನೀರು ಹತ್ತು ಪಾಲು, ಸ್ಪ್ರೇ ಬಾಟಲಿಯಲ್ಲಿ. ಆಲ್ಟರ್ನೇಟರ್, ವೈರ್ ಕನೆಕ್ಟರುಗಳ ಮೇಲೆ ಬೀಳದಂತೆ ಬಟ್ಟೆ ಮುಚ್ಚಿ. ದೊಡ್ಡ ಸೋರಿಕೆ ಗುಳ್ಳೆ ಕಟ್ಟುವುದಿಲ್ಲ, ನೀರನ್ನೇ ಊದಿಬಿಡುತ್ತದೆ. ಸಣ್ಣದು ಸಣ್ಣ ಗುಳ್ಳೆಗಳ ನೊರೆಯಾಗಿ ಮೆಲ್ಲಗೆ ಬೆಳೆಯುತ್ತದೆ.

ಈಗ ಒತ್ತಡ ಇರುವಾಗಲೇ ಪ್ರತಿ ಹೋಸನ್ನು ಎಳೆದು, ತಿರುಚಿ, ಎಂಜಿನ್ನನ್ನು ಹಿಂದೆ ಮುಂದೆ ಜಗ್ಗಿ ನೋಡಿ. ಎಂಜಿನ್ ಮೌಂಟ್ ಸೋತ ಗಾಡಿಯಲ್ಲಿ ಲೋಡ್ ಬಿದ್ದಾಗ ಎಂಜಿನ್ ವಾಲುತ್ತದೆ, ಆಗ ಮಾತ್ರ ಜಾಯಿಂಟ್ ಬಾಯಿ ಬಿಡುತ್ತದೆ. ನಿಂತಲ್ಲಿ ಎಲ್ಲಾ ಸರಿ, ರಸ್ತೆಯಲ್ಲಿ ಪಿಕಪ್ ಇಲ್ಲ ಎನ್ನುವ ಎಷ್ಟೋ ದೂರುಗಳ ಗುಟ್ಟು ಇದು. ಹೋಸ್ ಎಷ್ಟು ಸಲ ಬದಲಿಸಿದರೂ ಮೌಂಟ್ ಬದಲಿಸದೆ ಇದು ಮುಗಿಯುವುದಿಲ್ಲ.

ಯಾವ ಸದ್ದು ತಪ್ಪು, ಯಾವುದು ಸಹಜ

ಗೇಜ್ ಮುಳ್ಳು ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ, ಅದು ಸಹಜ. ನಿಂತ ಎಂಜಿನ್ನಿನಲ್ಲಿ ಯಾವುದೋ ಸಿಲಿಂಡರಿನ ಇನ್‌ಟೇಕ್ ವಾಲ್ವ್ ತೆರೆದೇ ಇರುತ್ತದೆ, ಅಲ್ಲಿಂದ ಪಿಸ್ಟನ್ ರಿಂಗಿನ ಸಂದಿಯಲ್ಲಿ ಹವಾ ಇಳಿದು ಆಯಿಲ್ ಮುಚ್ಚಳದ ಬಾಯಲ್ಲಿ ಸಣ್ಣಗೆ ಉಸಿರಾಡುತ್ತದೆ. ಅಲ್ಲಿ ಜೋರಾಗಿ ಬುಸುಗುಟ್ಟಿದರೆ ಮೊದಲು ಬ್ರೀದರ್ ಬೂಚು ಸರಿಯಾಗಿ ಕೂತಿದೆಯೇ ನೋಡಿ, ಕೂತಿದ್ದರೂ ಜೋರಿದ್ದರೆ ಪಿಸ್ಟನ್ ರಿಂಗುಗಳ ಕಡೆ ಯೋಚಿಸಬೇಕು.

ಸೈಲೆನ್ಸರ್ ಬಾಯಲ್ಲಿ ಸದ್ದು ಬಂದರೆ ಒಂದು ಸಿಲಿಂಡರಿನ ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಅರೆ ತೆರೆದು ನಿಂತಿರಬಹುದು. ಹವಾ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಪಾನಾ ತೆಗೆದು, ಮತ್ತೆ ತುಂಬಿ. ಸದ್ದು ನಿಂತರೆ ಅದು ವಾಲ್ವಿನ ಸಹಜ ಸಂದಿ. ಕ್ರ್ಯಾಂಕ್ ಎಲ್ಲಿ ನಿಲ್ಲಿಸಿದರೂ ಸೈಲೆನ್ಸರ್ ಸದ್ದು ನಿಲ್ಲದಿದ್ದರೆ ಇಜಿಆರ್ ವಾಲ್ವ್ ಮಸಿ ಕಚ್ಚಿ ಪೂರ್ತಿ ಮುಚ್ಚುತ್ತಿಲ್ಲ. ಹೊರಗಿನಿಂದ ನೋಡಿದರೆ ಯಾವ ಪೈಪೂ ಸೋರುತ್ತಿರುವುದಿಲ್ಲ, ಒತ್ತಡ ಮಾತ್ರ ನಿಲ್ಲುವುದಿಲ್ಲ. ಹೊಗೆಯ ಗಾಡಿಗಳಲ್ಲಿ ಈ ಪರೀಕ್ಷೆಯಿಂದ ಸಿಗುವ ಅತಿ ಉಪಯೋಗದ ಸುದ್ದಿ ಇದೇ ಎಂದು ನಮ್ಮ ಅಭಿಪ್ರಾಯ.

ಸೋರಿಕೆ ಹೆಚ್ಚಾಗಿ ಸಿಗುವ ಜಾಗಗಳು: ಟರ್ಬೊದಿಂದ ಹೊರಬರುವ ಬಿಸಿ ಪೈಪಿನ ಮೊದಲ ಜಾಯಿಂಟ್; ತಂತಿ ಕ್ಲಿಪ್ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕನೆಕ್ಟರಿನ ಒಳಗಿನ ರಬ್ಬರ್ ಸೀಲ್, ಇದು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಚಪ್ಪಟೆಯಾಗಿರುತ್ತದೆ; ಇಂಟರ್‌ಕೂಲರ್ ಬಾಯಿಗಳು; ಮ್ಯಾಪ್ ಸೆನ್ಸರಿನ ಓ-ರಿಂಗ್, ಸೆನ್ಸರ್ ತೊಳೆಯಲು ಬಿಚ್ಚಿ ಮತ್ತೆ ಹಾಕಿದವರು ಇದನ್ನೇ ಕಳೆದುಹಾಕುವುದು; ಥ್ರಾಟಲ್ ಬಾಡಿ ಮತ್ತು ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಪೆಟ್ರೋಲ್ ಟರ್ಬೊದಲ್ಲಿ ಡೈವರ್ಟರ್ ವಾಲ್ವಿನ (ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಿನ ಒತ್ತಡ ಬಿಡುವ ವಾಲ್ವ್) ರಬ್ಬರ್ ಪೊರೆ ಹರಿದರೆ ಹವಾ ಹೊರಗೆ ಬರುವುದಿಲ್ಲ, ಒತ್ತಿದ್ದು ತಿರುಗಿ ಟರ್ಬೊದ ಮುಂದಕ್ಕೇ ಹೋಗುತ್ತದೆ. ಮುಚ್ಚಳ ಟರ್ಬೊ ಮುಂದಿದ್ದರೆ ಎರಡೂ ಕಡೆ ಒಂದೇ ಒತ್ತಡವಾಗಿ ಈ ದೋಷ ಅಡಗುತ್ತದೆ. ವಾಲ್ವನ್ನು ಬಿಚ್ಚಿ ಕೈಯಲ್ಲೇ ನೋಡಬೇಕು.

ಇಂಟರ್‌ಕೂಲರಿನ ಅಲ್ಯೂಮಿನಿಯಂ ಜಾಲರಿಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿದ ಅಂಚು ಗುಮಾನಿಗೆ ಬಂದರೆ ಗಾಡಿಯಿಂದ ಬಿಚ್ಚಿ ನೋಡುವುದೇ ನಿಖರ. ಎರಡೂ ಬಾಯಿ ಮುಚ್ಚಿ, ಒಂದರಿಂದ 10 ಪೌಂಡ್ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಟ್ಯೂಬ್ ಪಂಚರ್ ನೋಡುವ ಹಾಗೆಯೇ. ಇಲ್ಲಿ ವಾಲ್ವು, ರಿಂಗುಗಳ ನೆಪವಿಲ್ಲ, ಒಂದು ಗುಳ್ಳೆಯೂ ಬರಬಾರದು. ಚಿಕ್ಕ ಪಂಪ್ ಕೂಡ ಈ ಕೆಲಸಕ್ಕೆ ಸಾಕು. ಮತ್ತೆ ಕೂರಿಸುವ ಮುಂಚೆ ಒಳಗಿನ ನೀರು ಪೂರ್ತಿ ಒಣಗಬೇಕು, ಬಿಸಿಲಿಗೇನು ನಮ್ಮಲ್ಲಿ ಬರವಿಲ್ಲ.

ಹೊಗೆ ಯಂತ್ರದ ಪರೀಕ್ಷೆ ಮಾಡುವ ಗ್ಯಾರೇಜ್ ಸಿಕ್ಕರೆ ಪೆಟ್ರೋಲ್ ಗಾಡಿಯ ಥ್ರಾಟಲ್ ಆಚೆಗಿನ ಸೋರಿಕೆಗೆ ಅದು ಚೆನ್ನ. ಆದರೆ ಅದರ ಒತ್ತಡ ಬಹಳ ಕಡಿಮೆ. ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುವ ಸೀಳನ್ನು ಅದು ದಾಟಿಹೋಗುತ್ತದೆ.

ಪೈಪ್ ಸೋರುತ್ತಿಲ್ಲ, ಒತ್ತಡವೂ ಇಲ್ಲ

ಆಗ ಸಣ್ಣ ಹೋಸುಗಳ ಸರದಿ. ವ್ಯಾಕ್ಯೂಮಿನಿಂದ ನಡೆಯುವ ವಿಜಿಟಿ ಟರ್ಬೊಗಳಲ್ಲಿ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಆಕ್ಚುಯೇಟರ್ (ರೆಕ್ಕೆಗಳನ್ನು ತಿರುಗಿಸುವ ಡಬ್ಬಿ) ರಾಡ್ ಎಳೆದುಕೊಳ್ಳುತ್ತದೆ, ಬಂದ್ ಮಾಡಿದಾಗ ಮರಳುತ್ತದೆ. ಅಲುಗದಿದ್ದರೆ ಆಕ್ಚುಯೇಟರಿನ ಹೋಸ್ ಬಿಚ್ಚಿ ಕೈ ವ್ಯಾಕ್ಯೂಮ್ ಪಂಪಿನಿಂದ 20 ಇಂಚು ಪಾದರಸದಷ್ಟು ಎಳೆದು ಒಂದು ನಿಮಿಷ ಬಿಡಿ. ಮುಳ್ಳು ನಿಂತು ರಾಡ್ ನಯವಾಗಿ ಚಲಿಸಿದರೆ ಆಕ್ಚುಯೇಟರ್ ಸರಿ, ದೋಷ ಹೋಸ್, ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ವಾಲ್ವ್) ಅಥವಾ ವ್ಯಾಕ್ಯೂಮ್ ಪಂಪಿನಲ್ಲಿದೆ. ಮುಳ್ಳು ಬಿದ್ದರೆ ಪೊರೆ ಹರಿದಿದೆ. ಮುಳ್ಳು ನಿಂತರೂ ರಾಡ್ ತಡೆತಡೆದು ಚಲಿಸಿದರೆ ಟರ್ಬೊದ ಒಳಗಿನ ರೆಕ್ಕೆಗಳು ಮಸಿ ಕಚ್ಚಿವೆ. ಎಲೆಕ್ಟ್ರಿಕ್ ಆಕ್ಚುಯೇಟರಾದರೆ ಕೈಯಿಂದ ಜಗ್ಗಬೇಡಿ, ಗೇರ್ ಮುರಿಯುತ್ತದೆ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಟರ್ಬೊ ನಡುವಿನ ಗ್ಯಾಸ್ಕೆಟ್ ಸುಟ್ಟಿದ್ದರೂ ಟರ್ಬೊ ತಿರುಗಿಸುವ ಬಲ ಹೊರಗೆ ಹೋಗುತ್ತದೆ: ತಣ್ಣನೆ ಸ್ಟಾರ್ಟಿನಲ್ಲಿ ಟಕಟಕ ಸದ್ದು, ಜಾಯಿಂಟಿನ ಸುತ್ತ ಕರಿ ಗೆರೆ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಪಿಕಪ್ ಹೋಗುತ್ತದೆ, ಡೀಸೆಲ್ ಫಿಲ್ಟರ್ ಆದರೆ ಕಪ್ಪು ಹೊಗೆ ಮಾತ್ರ ಇರುವುದಿಲ್ಲ. ಇವೆಲ್ಲ ಮುಗಿದ ಮೇಲೆ ಟರ್ಬೊದ ಬಾಯಿಯ ಹೋಸ್ ಬಿಚ್ಚಿ ಚಕ್ರದ ನಟ್ ಹಿಡಿದು ಅಲುಗಿಸಿ. ಅಡ್ಡಡ್ಡ ಸ್ವಲ್ಪ ಅಲುಗುವುದು ಸಹಜ, ಅದು ಎಣ್ಣೆಯ ಪದರಕ್ಕೆ ಬಿಟ್ಟ ಜಾಗ. ಉದ್ದುದ್ದ, ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಚಲಿಸಿದರೆ, ರೆಕ್ಕೆ ತುದಿ ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ‘ಟರ್ಬೊ ಹೋಗ್ಯಾದ’ ಅನ್ನಿ.

ರಿಪೇರಿ ನಿಲ್ಲುವಂತೆ ಮಾಡುವುದು

ಎಂ-ಸೀಲ್, ಇನ್ಸುಲೇಷನ್ ಟೇಪ್, ಸಿಲಿಕಾನ್ ಗಮ್ ಯಾವುದೂ ಬಿಸಿ ಪೈಪಿನಲ್ಲಿ ನಿಲ್ಲುವುದಿಲ್ಲ. ಗಮ್ ಒಳಬದಿಗೆ ಹಿಂಡಿ ಬಂದರೆ ಅದರ ಚೂರು ಕಿತ್ತು ಎಂಜಿನ್ ಕಡೆಗೇ ಹೋಗುತ್ತದೆ. ರೇಡಿಯೇಟರ್ ಹೋಸ್ ಕತ್ತರಿಸಿ ಹಾಕುವುದು ಇನ್ನೊಂದು ತಪ್ಪು: ಅದು ನೀರಿಗೆ ಮಾಡಿದ ಇಪಿಡಿಎಂ ರಬ್ಬರ್, ಪೈಪಿನೊಳಗಿನ ಎಣ್ಣೆ ಪಸೆಗೆ ಉಬ್ಬಿ ಮೆತ್ತಗಾಗಿ ಮತ್ತೆ ಕಳಚುತ್ತದೆ. ಸಿಲಿಕಾನ್ ಹೋಸ್ ಹಾಕುವುದಾದರೆ ಎಣ್ಣೆ ತಡೆಯುವ ಫ್ಲೋರೋಸಿಲಿಕಾನ್ ಒಳಪದರ ಇರುವುದನ್ನೇ ಕೇಳಿ. ವೈಪರ್ ನೀರಿನ ಪ್ಲಾಸ್ಟಿಕ್ ನಳಿಕೆಯನ್ನು ವ್ಯಾಕ್ಯೂಮ್ ಹೋಸಿನ ಜಾಗಕ್ಕೆ ಹಾಕಿದರೆ ಎಂಜಿನ್ ಶಾಖಕ್ಕೆ ಮೆತ್ತಗಾಗಿ ಒಳಕ್ಕೆ ಕುಸಿಯುತ್ತದೆ.

ಹೋಸ್ ಹಾಕುವ ಮುಂಚೆ ಪೈಪ್ ಮತ್ತು ಹೋಸ್ ಎರಡರ ಬಾಯನ್ನೂ ಬ್ರೇಕ್ ಕ್ಲೀನರ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಎಣ್ಣೆ ಉಳಿದಿದ್ದರೆ ಕ್ಲಿಪ್ ಎಷ್ಟು ಬಿಗಿದರೂ ಬೂಸ್ಟ್ ಬಿದ್ದಾಗ ಜಾರುತ್ತದೆ. ಓ-ರಿಂಗ್ ಇರುವ ಕನೆಕ್ಟರಿಗೆ ಮಾತ್ರ ಕ್ಲೀನರ್ ಮುಟ್ಟಿಸಬೇಡಿ, ರಬ್ಬರ್ ಉಬ್ಬುತ್ತದೆ. ಒಣ ಬಟ್ಟೆ ಸಾಕು. ಪೈಪಿನ ಬಾಯಿಯ ಉಬ್ಬು ಗೆರೆ ದಾಟಿ ಹೋಸ್ ಒಳಗೆ ಹೋಗಬೇಕು, ಕ್ಲಿಪ್ ಆ ಗೆರೆಯ ಹಿಂದೆ ಕೂರಬೇಕು, ಗೆರೆಯ ಮೇಲಲ್ಲ. ಸ್ಕ್ರೂ ಕ್ಲಿಪ್ಪಿಗೆ 4ರಿಂದ 5 ನ್ಯೂಟನ್ ಮೀಟರ್ ಸಾಕು, ಅಂದರೆ ಸ್ಕ್ರೂ ಡ್ರೈವರಿನಿಂದ ಕೈಬಿಗಿ. ರಾಟ್ಚೆಟ್ ಹಾಕಿ ಹಿಂಡಿದರೆ ಕ್ಲಿಪ್ಪಿನ ಹಲ್ಲು ರಬ್ಬರನ್ನೇ ಕತ್ತರಿಸುತ್ತದೆ, ಪ್ಲಾಸ್ಟಿಕ್ ಬಾಯಿಯಾದರೆ ಬಿರಿಯುತ್ತದೆ.

ಮುಗಿದ ಮೇಲೆ ಮತ್ತೆ 10 ಪೌಂಡ್ ತುಂಬಿ ಎಲ್ಲಾ ಜಾಯಿಂಟ್ ಒಮ್ಮೆ ಕೇಳಿ. ದೊಡ್ಡ ಸೋರಿಕೆಯ ಗದ್ದಲದಲ್ಲಿ ಅಡಗಿದ್ದ ಸಣ್ಣದು ಈಗ ಕೇಳಿಸುತ್ತದೆ. ಬ್ರೀದರಿನ ಬೂಚು ತೆಗೆದು ಪೈಪ್ ಜೋಡಿಸಿ, ಆಯಿಲ್ ಮುಚ್ಚಳ ಹಾಕಿ, ಮ್ಯಾಫ್ ಕನೆಕ್ಟರ್ ಕೂರಿಸಿ, ಕೋಡ್ ಅಳಿಸಿ. ಅದೇ ರಸ್ತೆಯಲ್ಲಿ ಅದೇ ಗೇರಿನಲ್ಲಿ ಎಳೆದು ಹಳೆಯ ರೆಕಾರ್ಡಿನ ಪಕ್ಕ ಇಟ್ಟು ನೋಡಿ. ಪೆಟ್ರೋಲ್ ಗಾಡಿಯಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಮಿಶ್ರಣ ಸರಿಪಡಿಸಲು ಇಸಿಯು ಕಲಿತುಕೊಂಡ ತಿದ್ದುಪಡಿ) ತಕ್ಷಣ ಸರಿಯಾಗುವುದಿಲ್ಲ, ಕೆಲವು ದಿನ ಓಡಿದ ಮೇಲೆ ಪ್ಲಸ್ ಮೈನಸ್ 10 ಶೇಕಡಾ ಒಳಗೆ ಬಂದು ನಿಲ್ಲಬೇಕು. ಹೊಸ ಹೋಸ್ ಬಿಸಿಯಾಗಿ ತಣ್ಣಗಾಗಿ ಸ್ವಲ್ಪ ಕೂರುತ್ತದೆ, ಹಾಗಾಗಿ 500 ಕಿಲೋಮೀಟರ್ ಓಡಿದ ಮೇಲೆ ತಣ್ಣನೆ ಎಂಜಿನ್ನಿನಲ್ಲಿ ಕ್ಲಿಪ್ಪುಗಳನ್ನು ಮತ್ತೊಮ್ಮೆ ಕೈಬಿಗಿ ಮಾಡಿ.